ಎಳ್ಳ ಅಮಾವಾಸ್ಯೆಯಂದು ಇಳಿದ ಕಬ್ಬಿಣ

ಅವರ ಬಲಗೈ ಹೆಬ್ಬೆರಳು ತಂಬಾಕು ತಿಕ್ಕಿ ತಿಕ್ಕಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಅದನ್ನೇ ಕಂಪ್ಯೂಟರ್ ಪರದೆಗೆ ಒತ್ತಿ ಮಾತಾಡುತ್ತಿದ್ದರು. ಸಂಜೆ ಪರದೆಯ ಮೇಲಿನ ಆ ಕಲೆ ಒರೆಸುವ ಕೆಲಸ ನನ್ನದು. ಆಳಂದದ ನಮ್ಮ ಕಟ್ಟಡ ಗುತ್ತಿಗೆ ಕಚೇರಿಗೆ ಅವರು ಮ್ಯಾನೇಜರ್. ನಾನು ಅವರ ಕೈಕೆಳಗೆ ಕೆಲಸದ ಯೋಜನೆ ಹಾಕುವವಳು.

ಟೈಮ್‌ಲೈನ್ ನೋಡುವುದನ್ನು ಕಲಿಸಿದವರು ಅವರೇ, ಇಲ್ಲವೆನ್ನಲಾರೆ. ಪಾಯ, ಕಬ್ಬಿಣ, ಸ್ಲ್ಯಾಬು ಎಂದು ಒಂದೊಂದು ಕೆಲಸಕ್ಕೂ ಪರದೆಯ ಮೇಲೆ ಒಂದೊಂದು ಬಣ್ಣದ ಪಟ್ಟಿ, ತಡವಾದದ್ದು ಕೆಂಪಾಗುತ್ತದೆ. "ತಂಗಿ, ಮುಗಿಯೋ ದಿನಾ ಮೊದಲ ಹಾಕು. ಅಲ್ಲಿಂದ ಹಿಂದಕ ಬಾ," ಎನ್ನುತ್ತಿದ್ದರು. ಚಹಾ ತರಿಸಿದರೆ ಮೊದಲ ಕಪ್ಪು ನನಗೇ. ನಾನೂ ಮರುಳಾಗಿ ಅವರನ್ನು ಗುರು ಅಂದುಕೊಂಡಿದ್ದೆ.

ಅಫಜಲಪುರದ ಶಾಲೆಯ ಸ್ಲ್ಯಾಬು ಒಂದು ತಿಂಗಳು ತಡವಾಯಿತು. ಕಬ್ಬಿಣ ತರಿಸಲು ಮರೆತವರು ಅವರು. ಆದರೆ ಮಾಲಕರ ಮುಂದೆ ಟೈಮ್‌ಲೈನ್ ತೆರೆದಾಗ ಅವರ ಕಬ್ಬಿಣದ ಪಟ್ಟಿ ಹಿಂದಿನ ದಿನಾಂಕಕ್ಕೆ ಸರಿದು ಹಸಿರಾಗಿ ಕೂತಿತ್ತು. ಕೆಂಪಾಗಿದ್ದದ್ದು ಕೆಲಸಗಾರರನ್ನು ಕರೆಸುವ ನನ್ನ ಪಟ್ಟಿಯೊಂದೇ.

"ಕಬ್ಬಿಣ ವ್ಯಾಳ್ಯಾಕ್ಕ ಬಂದದರಿ. ಈಕಿನೇ ಮಂದೀನ ಕರಸಿಲ್ಲ," ಎಂದರು, ನನ್ನ ಕಡೆ ನೋಡದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲಕರು ನನ್ನನ್ನು ಜೇವರ್ಗಿ ಸೈಟಿನ ಗೇಟಿಗೆ ಹಾಕಿಯಾಗಿತ್ತು.

ದಿನಾ ಬಸ್ಸು ಬದಲಿಸಿ ಹೋಗಿ, ಬಂದ ಲಾರಿಗಳ ನಂಬರು ಬರೆಯುತ್ತಾ ಹಲ್ಲು ಕಚ್ಚಿಕೊಂಡು ಕೂತೆ. ಮ್ಯಾನೇಜರರ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಯಾರೂ ಕೆಲಸ ಮುಟ್ಟುವುದಿಲ್ಲ, ಊರಿಗೆ ಊರೇ ಹೊಲದಲ್ಲಿ ಕೂತು ಉಣ್ಣುತ್ತದೆ. ಖಾಲಿ ಸೈಟಿನ ಗೇಟು ಕಾಯಲು ನಾನೊಬ್ಬಳೇ. ಮೊಬೈಲಿನಲ್ಲಿ ಅಫಜಲಪುರದ ಹಳೆಯ ಟೈಮ್‌ಲೈನ್ ತೆರೆದು, ಹುಣ್ಣು ಕೆರೆದುಕೊಳ್ಳುವಂತೆ ನೋಡುತ್ತಿದ್ದೆ. ಆಗ ಕಣ್ಣಿಗೆ ಬಿತ್ತು. ಕಬ್ಬಿಣ ಇಳಿಯಿತೆಂದು ಅವರು ಪಟ್ಟಿ ಎಳೆದಿಟ್ಟ ದಿನ ಹಿಂದಿನ ವರ್ಷದ ಎಳ್ಳ ಅಮಾವಾಸ್ಯೆ! ಸಾಫ್ಟ್‌ವೇರಿಗೆ ಅದು ಬರೀ ಒಂದು ತಾರೀಖು.

ಯಾರಿಗೂ ಹೇಳಲಿಲ್ಲ. ಎಲ್ಲರೂ ಕೂಡುವ ವರ್ಷದ ಮೀಟಿಂಗಿಗೆ ಕಾದೆ. ಅಲ್ಲಿ ಎದ್ದು ಹೋಗಿ ಅದೇ ಟೈಮ್‌ಲೈನನ್ನು ದೊಡ್ಡ ಪರದೆಯ ಮೇಲೆ ತೆರೆದೆ.

"ಸಾಹೇಬ್ರ, ಅಫಜಲಪುರಕ್ಕ ಕಬ್ಬಿಣ ಇಳದದ್ದು ಯಾವತ್ತರಿ?" ಎಂದು ಮ್ಯಾನೇಜರರನ್ನು ಕೇಳಿದೆ.

"ಕಾಣಸ್ತದಲ್ಲ, ಮುಂದ."

"ಅವತ್ತ ಎಳ್ಳಮಾಸಿ ಇತ್ತರಿ. ನೀವು, ನಾವು, ಮಾಲು ಇಳಸೋ ನಮ್ಮ ಹಮಾಲ್ರು, ಎಲ್ಲಾರೂ ಹಿರೋಳ್ಳಿ ಹೊಲದಾಗ ಕುಂತಿದ್ದಿವಿ. ನೀವು ಭಜ್ಜಿ ಎರಡ ಸಲ ಹಾಕಿಸ್ಕೊಂಡ್ರಿ. ಕಬ್ಬಿಣ ಯಾರ್ ಇಳಸಿದ್ರಿ?"

ಹಿರೋಳ್ಳಿಯ ಹೊಲ ಮಾಲಕರದು. ಅವತ್ತು ಭಜ್ಜಿ ಬಡಿಸಿದವರೂ ಅವರೇ. ಅವರು ಮ್ಯಾನೇಜರರ ಕಡೆ ತಿರುಗಿದರು. ಮ್ಯಾನೇಜರರು ತಲೆ ತಗ್ಗಿಸಿ ಹೆಬ್ಬೆರಳಿನಿಂದ ಬರೀ ಅಂಗೈ ತಿಕ್ಕತೊಡಗಿದರು. ನನ್ನ ಹೊಟ್ಟೆ ತಣ್ಣಗಾಯಿತು; ಸುಳ್ಳು ಹೇಳುವುದಿಲ್ಲ, ಬಹಳ ಸುಖವಾಯಿತು. ನನ್ನ ಕುರ್ಚಿ ನನಗೆ ಸಿಕ್ಕಿತು. ಅವರು ಕೆಲಸ ಬಿಟ್ಟು ತಮ್ಮೂರು ಖಜೂರಿಗೆ ಹೋದರು.

ಹೋದ ತಿಂಗಳು ತೀರಿಕೊಂಡರು. ಇನ್ನು ಸಾಕು, ಕ್ಷಮಿಸಿಬಿಡೋಣ ಎಂದೇ ಖಜೂರಿಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ನಿನ್ನಷ್ಟ ಚಂದ ಕೆಲಸಾ ಮಾಡೋರು ಯಾರೂ ಇಲ್ಲ ಅಂತಿದ್ರು ನೋಡವ್ವ," ಎಂದರು.

"ಯಾರ ಮುಂದ ಅಂತಿದ್ರು, ಅಕ್ಕಾರ?"

"ನನ್ನ ಮುಂದ. ಇಲ್ಲೇ, ಮನ್ಯಾಗ."

ಅಂದರೆ ನನ್ನ ಕೆಲಸ ಎಂಥದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಲಕರ ಮುಂದೆ ಸುಳ್ಳು ಹೇಳಿ ನನ್ನನ್ನು ಗೇಟಿಗೆ ಹಾಕಿಸಿದ್ದರು. ಕೈ ಬಿಡಿಸಿಕೊಂಡು ಎದ್ದು ಬಂದೆ.