ಗುಬ್ಬಿಯಲ್ಲಿ ವಿಭೂತಿ, ಕುಣಿಗಲ್‌ನಲ್ಲಿ ನಾಮ

ಒಬ್ಬನೇ ಮನುಷ್ಯ ಎರಡು ಊರುಗಳಲ್ಲಿ, ಎರಡು ಹೆಸರುಗಳಲ್ಲಿ ಬದುಕಿ ಸತ್ತಿರುವುದನ್ನು ಎಲ್ಲಾದರೂ ನೋಡಿದ್ದೀರಾ? ನಾನು ಕಳೆದ ತಿಂಗಳು ನೋಡಿದೆ. ಗುಬ್ಬಿಯಲ್ಲಿ ಅವನ ಹಣೆಗೆ ವಿಭೂತಿ. ಕುಣಿಗಲ್‌ನಲ್ಲಿ ನಾಮ. ಮೀಸೆ ಮಾತ್ರ ಎರಡೂ ಕಡೆ ಒಂದೇ.

ತುಮಕೂರಿನ ಗೆಳೆಯರು ಕೆಲವರು ಸೇರಿ ಜಿಲ್ಲೆಯ ಹಳೆಯ ಫೋಟೋಗಳ ಪ್ರದರ್ಶನ ಮಾಡೋಣ ಎಂದರು. ಮನೆಮನೆಗೆ ಹೋಗಿ ಫೋಟೋ ಹುಡುಕುವುದು, ಅದರ ಕೆಳಗೆ ಎರಡು ಸಾಲು ಬರೆಯುವುದು ನನ್ನ ತಲೆಗೆ ಬಂತು. ನನಗೇ ಯಾಕೆ? ನಾನು ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲವಂತೆ. (ಹಾಲಿನ ಪ್ಯಾಕೆಟ್ ಮೇಲಿನ ತಾರೀಖನ್ನೂ ಬೆಳಕಿಗೆ ಹಿಡಿದು ನೋಡುವ ಗಿರಾಕಿ ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಟ್ಟಿದ್ದಾಳೆ.)

ನಂಬುವುದಾದರೂ ಹೇಗೆ ಹೇಳಿ? ಹೋದ ಮನೆಯಲ್ಲೆಲ್ಲ ತಾತ ಮಹಾರಾಜರ ಜೊತೆ ಮಾತಾಡಿದವರೇ. ಸುಮ್ಮನೆ ರಾಗಿ ಬೆಳೆದುಕೊಂಡಿದ್ದ ತಾತ ಒಬ್ಬರೂ ಇರಲಿಲ್ಲವೇ? ಹಾಗಾಗಿ ನನ್ನದೊಂದು ರೂಲ್. ಫೋಟೋ ನೋಡಿ ಕೈಮುಗಿಯುವುದಿಲ್ಲ. ಕೆಳಗಿಳಿಸಿ, ಹಿಂದೆ ತಿರುಗಿಸಿ ನೋಡುತ್ತೇನೆ.

ಗುಬ್ಬಿಯ ಗಂಗಮ್ಮನವರ ಮನೆಯಲ್ಲೂ ಅದನ್ನೇ ಮಾಡಿದೆ. ಎಪ್ಪತ್ತು ದಾಟಿದ ಹೆಂಗಸು. ಗೋಡೆಯ ಮೇಲೆ ಪೇಟ, ಕರಿ ಕೋಟು, ದಪ್ಪ ಮೀಸೆ, ಹಣೆ ತುಂಬ ವಿಭೂತಿ.

"ನಮ್ಮಪ್ಪ ಕಣಪ್ಪ. ನಾನು ತೊಟ್ಲಲ್ಲಿದ್ದಾಗ್ಲೇ ಹೋಗ್ಬುಟ್ರು. ನಾನು ಅಪ್ಪ ಅಂತ ಕಂಡಿರೋದು ಇದೊಂದೇ ಮುಖ. ಅವ್ರ ಹೆಸ್ರು ಎಲ್ಲೂ ಉಳ್ದಿಲ್ಲ, ನಿಮ್ ಎಕ್ಸಿಬಿಷನ್‌ನಾಗಾದ್ರೂ ದೊಡ್ಡದಾಗಿ ಬರೀರಿ" ಅಂದರು.

ಪಿತೃಪಕ್ಷದಲ್ಲಿ ಈ ಫೋಟೋ ಮುಂದೆಯೇ ಎಡೆ ಇಡುತ್ತಾರೆ. ಅಪ್ಪನಿಗೆ ಇಷ್ಟ ಎಂದು ಅವರವ್ವ ಹೇಳಿದ್ದ ಹುರುಳಿಕಾಳಿನ ಬಸ್ಸಾರು ಒಂದು ವರ್ಷವೂ ತಪ್ಪಿಲ್ಲವಂತೆ. ನಾನು ಫೋಟೋ ತಿರುಗಿಸಿದೆ. ತುಮಕೂರಿನ ಒಂದು ಸ್ಟುಡಿಯೋದ ಮುದ್ರೆ ಇತ್ತು, ಹೆಸರಿರಲಿಲ್ಲ. ವಿಭೂತಿಯ ಪಟ್ಟೆಗಳು ಯಾಕೋ ಮುಖಕ್ಕಿಂತ ಹೊಸದಾಗಿ ಕಂಡವು. ಅನುಮಾನ ಬಂತು. ಬಾಯಿ ಬಿಡದೆ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಬಂದೆ.

ಮುಂದಿನ ವಾರ ಕುಣಿಗಲ್. ನಿವೃತ್ತ ಮೇಷ್ಟ್ರೊಬ್ಬರು ಬೀರುವಿನ ಹಿಂದಿನಿಂದ ಒಂದು ಫೋಟೋ ಎಳೆದು ಧೂಳು ಕೊಡವಿದರು. ಅದೇ ಪೇಟ. ಅದೇ ಕೋಟು. ಎಡಗೆನ್ನೆಯ ಮೇಲೆ ಅದೇ ಮಚ್ಚೆ. ಹಣೆಯಲ್ಲಿ ಮಾತ್ರ ನಾಮ.

"ನಮ್ ತಾತ ಸಾರ್. ಊರಿಗೆ ಪಟೇಲ್ರು."

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಯಾರು? ಈ ಫೋಟೋದ ಹಿಂದೆ ಅದೇ ಸ್ಟುಡಿಯೋದ ಮುದ್ರೆ, ಜೊತೆಗೆ ಪಟೇಲರ ರುಜು. ಅಷ್ಟಕ್ಕೇ ಬಿಡುವವನೇ ನಾನು? ಮೇಷ್ಟ್ರ ಟ್ರಂಕಿನಲ್ಲಿದ್ದ ಹಳೆಯ ಪಾಲುಪತ್ರಗಳನ್ನು ತೆಗೆಸಿದೆ. ಸಾಕ್ಷಿ ಹಾಕಿದ್ದ ಪಟೇಲರ ರುಜು ಅಕ್ಷರ ಅಕ್ಷರವೂ ತಾಳೆಯಾಯಿತು. ಗುಬ್ಬಿಯ ಸುಳ್ಳು ಸಿಕ್ಕಿಬಿತ್ತು ಎಂದು ಖುಷಿಯಾಯಿತು. (ಈಗ ನೆನೆದರೆ ನಾಚಿಕೆಯಾಗುತ್ತದೆ.)

"ಗೋಡೆಗೆ ಯಾಕೆ ಹಾಕಿಲ್ಲ ಮೇಷ್ಟ್ರೇ?"

"ಹೊಸ ಪೇಂಟ್ ಆಯ್ತಲ್ಲ ಸಾರ್. ಮೊಳೆ ಹೊಡೀಬೇಡಿ ಅಂದ್ರು ಮಕ್ಳು."

ಇನ್ನು ಉಳಿದದ್ದು ಸ್ಟುಡಿಯೋ. ಈಗ ಅದು ಜೆರಾಕ್ಸ್ ಅಂಗಡಿ. ಹಳೆಯ ಮಾಲೀಕರ ಮಗ, ನನ್ನದೇ ವಯಸ್ಸಿನವರು, ಎರಡೂ ಫೋಟೋ ನೋಡಿ ನಕ್ಕರು.

"ಆ ಕಾಲ್ದಲ್ಲಿ ಹಳ್ಳಿಯೋರು ಎಷ್ಟ್ ಜನ ಸಾರ್ ಫೋಟೋ ತೆಗೆಸ್ಕೊತಿದ್ರು? ಸತ್ಮೇಲೆ ಮನೆಯೋರು, ಎಡೆ ಇಡೋಕೆ ಒಂದ್ ಫೋಟೋ ಬೇಕು ಅಂತ ಬರೋರು. ನಮ್ಮಪ್ಪ ಹಳೇ ಫೋಟೋಗಳ್ನೆಲ್ಲ ಟೇಬಲ್ ಮೇಲೆ ಹರಡಿ, ಯಾರು ಹೋಲ್ತಾರೋ ತೋರ್ಸಿ ಅನ್ನೋರು. ತೋರ್ಸಿದ್ದಕ್ಕೆ ಇನ್ನೊಂದ್ ಪ್ರಿಂಟ್ ಹಾಕೋರು, ಆಮೇಲೆ ಬ್ರಷ್ ಕೆಲ್ಸ. ನಾಮ ಅಳ್ಸಿ ವಿಭೂತಿ, ವಿಭೂತಿ ಅಳ್ಸಿ ನಾಮ."

"ಇದು ಮೋಸ ಅಲ್ವಾ?"

"ಮೋಸ ಯಾಕೆ ಸಾರ್? ಆರಿಸ್ಕೊಂಡು ಹೋದೋರು ಅವ್ರೇ ಅಲ್ವಾ."

"ಇನ್ನೂ ಯಾರ‍್ಯಾರ ಮನೆಗೆ ಹೀಗೆ ಕೊಟ್ಟಿರಬಹುದು?"

"ಅದ್ಯಾರಿಗ್ ನೆನಪಿರುತ್ತೆ ಸಾರ್."

ಮತ್ತೆ ಗುಬ್ಬಿಗೆ ಹೋದೆ. ಸತ್ಯ ಹೇಳಬೇಕಲ್ಲ, ಇತಿಹಾಸದ ಕೆಲಸ ನೋಡಿ. ಕುಣಿಗಲ್‌ನ ಫೋಟೋವನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಗಂಗಮ್ಮ ಗೋಡೆಯ ಫೋಟೋ ಇಳಿಸಿಕೊಂಡು ಮೊಬೈಲ್ ಪಕ್ಕ ಹಿಡಿದು ನೋಡಿದರು. ಅಳಲಿಲ್ಲ. ಬೈಯಲೂ ಇಲ್ಲ.

"ಹಂಗಾದ್ರೆ ನಮ್ಮಪ್ಪ ಹೆಂಗಿದ್ರಪ್ಪ?"

ರುಜು, ಮುದ್ರೆ, ಪಾಲುಪತ್ರ ಎಲ್ಲ ಜೋಡಿಸಿಕೊಂಡು ಹೋಗಿದ್ದೆ. ಈ ಪ್ರಶ್ನೆಗೆ ನನ್ನ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಅವರಿಗಿದ್ದ ಒಂದೇ ಒಂದು ಅಪ್ಪನ ಮುಖವನ್ನು ನಾನು ಕಿತ್ತುಕೊಂಡಿದ್ದೆ. ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

ಅವರೇ ಕೇಳಿದರು, "ಕುಣಿಗಲ್‌ನಾಗೆ ಇವ್ರಿಗೆ ಎಡೆ ಇಡ್ತಾರಾ?"

"ಇಲ್ಲಮ್ಮ. ಬೀರು ಹಿಂದೆ ಇಟ್ಟಿದ್ರು."

ಗಂಗಮ್ಮ ಸೆರಗಿನಲ್ಲಿ ಫೋಟೋದ ಗಾಜು ಒರೆಸಿದರು. "ಹಂಗಾದ್ರೆ ಇಲ್ಲೇ ಉಣ್ಲಿ ಬುಡು. ಅಷ್ಟೊಂದು ಮುಖದಾಗೆ ನಮ್ಮವ್ವ ಇದನ್ನೇ ಆರ್ಸವ್ಳೆ ಅಂದ್ರೆ, ಅಪ್ಪ ಹಿಂಗೇ ಒಸಿ ಇದ್ದಿರ್ಬೇಕು."

ಫೋಟೋವನ್ನು ನಾನೇ ಮೊಳೆಗೆ ಸಿಕ್ಕಿಸಿದೆ. ಪ್ರದರ್ಶನಕ್ಕೆ ಅದರ ಕೆಳಗೆ ಏನು ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ.

ಹೊರಡುವಾಗ ಅವರು ಸುಮ್ಮನೆ ಕೇಳಿದರು, "ನಿಮ್ ತಾತಂದು ಫೋಟೋ ಐತಾ?"

ಇದೆ. ತುಮಕೂರಿನ ಬಟವಾಡಿಯ ನಮ್ಮ ಮನೆಯ ಹಾಲ್‌ನಲ್ಲೇ ಇದೆ. ಪೇಟ, ಕರಿ ಕೋಟು, ದಪ್ಪ ಮೀಸೆ. ನಮ್ಮಪ್ಪ ಹುಟ್ಟುವ ಮುಂಚೆಯೇ ತೀರಿಕೊಂಡವರು. ಗುಬ್ಬಿಯಿಂದ ಬಂದು ವಾರವಾಯಿತು. ದಿನಾ ಅದರ ಮುಂದೆ ನಿಂತು ಕೈಮುಗಿಯುತ್ತಿದ್ದೇನೆ, ತಿರುಗಿಸಿ ನೋಡಿಲ್ಲ.