ಎಮ್ಮೆ ಕಟ್ಟಿದ ಪ್ಲಾಟು

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ತಿರುಗಿದರೆ ನಮ್ಮ ಬಡಾವಣೆ. ಅದು ಮೊದಲು ಜೋಳದ ಎರೆಹೊಲವಾಗಿತ್ತು. ವಸತಿಗೆಂದು ಪರಿವರ್ತನೆ ಮಾಡಿಸಿ, ಕಲ್ಲು ನೆಟ್ಟು ಪ್ಲಾಟು ಮಾರಿದರು. ನಕಾಶೆಯಲ್ಲಿ ಉದ್ಯಾನವೂ ಇತ್ತು, ನೀರಿನ ಟ್ಯಾಂಕೂ ಇತ್ತು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ನನ್ನ ಗಂಡ ಸೀರೆ ಅಂಗಡಿಯಲ್ಲಿ ಗುಮಾಸ್ತ. ಬಾಡಿಗೆ ಮನೆಗಳನ್ನು ಬದಲಿಸಿ ಬದಲಿಸಿ ಬೇಸತ್ತ ನಾವು ಅಲ್ಲಿ ಮೊದಲ ಮನೆ ಕಟ್ಟಿದೆವು.

ಮರುವರ್ಷ ಪಕ್ಕದ ಪ್ಲಾಟಿಗೆ ಇನ್ನೊಂದು ಸಂಸಾರ ಬಂತು. ಗಂಡ ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಕೆಲಸದವನು. ಹೆಂಡತಿಯ ತವರು ಗುಡೂರು. ಇಬ್ಬರು ಹೆಣ್ಣುಮಕ್ಕಳು ನನ್ನ ಶಾಲೆಗೇ ಸೇರಿದರು. ಅವಳು ತವರಿನಿಂದ ಒಂದು ಎಮ್ಮೆಯನ್ನೂ ತಂದು ಮನೆಯ ಹಿಂದೆ ಕಟ್ಟಿದಳು. ಸಂಜೆ ನಮಗೆ ಹಾಲು ಕೊಡಲು ಬಂದವಳು ಕಟ್ಟೆಯ ಮೇಲೆ ಕೂತು ಮಾತಿಗೆ ತೊಡಗಿದರೆ ಎದ್ದು ಹೋಗುವುದನ್ನೇ ಮರೆಯುತ್ತಿದ್ದಳು. ಸುತ್ತ ಖಾಲಿ ಪ್ಲಾಟುಗಳೇ ಇದ್ದರೂ ಆಗ ನನಗೆ ಊರಿನಲ್ಲಿದ್ದೇನೆ ಅನ್ನಿಸುತ್ತಿತ್ತು.

ಆಮೇಲೆ ಎದ್ದ ಕೆಲವು ಮನೆ ಸೇರಿ ಎಲ್ಲರಿಗೂ ಇದ್ದದ್ದು ಒಂದೇ ಬೋರು. ಅದರ ನೀರು ಮೊದಲು ಸವುಳಾಯಿತು, ಬೇಸಿಗೆಗೆ ಪೂರಾ ನಿಂತಿತು. ಆಮೇಲೆ ಟ್ಯಾಂಕರೇ ಗತಿ. ಟ್ಯಾಂಕರಿನವನು ಹೇಳಿದ ದಿನ ಬಂದದ್ದು ಕಡಿಮೆ. ನಾವು ಪಾತ್ರೆ ತೊಳೆದ ನೀರನ್ನು ಪಾಯಖಾನೆಗೆ ಎತ್ತಿಡಲು ಕಲಿತೆವು. ಎಮ್ಮೆ ಕಲಿಯಲಿಲ್ಲ.

ಒಂದು ಮಧ್ಯಾಹ್ನ ಅವಳು ಎಮ್ಮೆಗೆ ನೀರು ಕುಡಿಸುವ ಕಬ್ಬಿಣದ ಖಾಲಿ ಬುಟ್ಟಿಯ ಮುಂದೆ ನಿಂತಿದ್ದಳು. ಎಮ್ಮೆ ಬುಟ್ಟಿಯ ತಳ ನೆಕ್ಕುತ್ತಿತ್ತು.

"ಅಕ್ಕಾರ, ಮಕ್ಕಳಿಗರೆ ನಾಳಿ ಬರ್ತದ ತಡೀರಿ ಅಂತೇನಿ. ಇದಕ್ಕ ಹೆಂಗ ಹೇಳ್ಲಿ?"

ನಾನು ನಮ್ಮ ಬ್ಯಾರಲ್ಲಿನಿಂದ ಒಂದು ಕೊಡ ತುಂಬಿ ಕೊಟ್ಟೆ. ಮರುದಿನ ಕೊಡಲು ನನ್ನ ಬಳಿಯೂ ಇರಲಿಲ್ಲ.

ಅವಳೂ ನಾನೂ ನಗರಸಭೆಯ ಕಚೇರಿಗೆ ಅಲೆದೆವು. ಅಲ್ಲಿನ ಅಧಿಕಾರಿ ಕೂರಿಸಿ, ಸಮಾಧಾನದಿಂದಲೇ ತಿಳಿಸಿದರು. ಬಡಾವಣೆಯನ್ನು ಮಾಡಿದವರು ಅದನ್ನು ಕಚೇರಿಗೆ ಇನ್ನೂ ಹಸ್ತಾಂತರಿಸಿಲ್ಲ, ಅಲ್ಲಿಯವರೆಗೆ ನೀರು ಕೊಡಲು ಬರುವುದಿಲ್ಲ ಎಂದರು. ಪ್ಲಾಟು ಮಾರಿದವನನ್ನು ಹುಡುಕಿ ಕೇಳಿದರೆ, ತನ್ನ ಕೆಲಸ ಮುಗಿದಿದೆ, ತಗೊಳ್ಳಬೇಕಾದವರು ಕಚೇರಿಯವರು ಅಂದ. ಇಬ್ಬರ ಮಾತೂ ಒಂದು ಸಲವೂ ಬದಲಾಗಲಿಲ್ಲ.

ಹೀಗಿರುವಾಗ ಒಂದು ದಿನ ಯಾವುದೋ ಸರ್ಕಾರಿ ಯೋಜನೆಯ ಗುತ್ತಿಗೆದಾರನ ಜನ ಬಂದು ಚರಂಡಿ ಪಕ್ಕ ಅಗೆದು ಪೈಪು ಹಾಕಿದರು. ಮನೆ ಮನೆಯ ಮುಂದೆ ನಳ ನಿಂತವು. ಅವಳು ನಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದಳು. ನೀರು ಬಿಡುತ್ತಾರೆಂದ ದಿನ ಇದ್ದಬದ್ದ ಕೊಡಗಳನ್ನೆಲ್ಲ ಸಾಲಾಗಿ ಇಟ್ಟೆವು. ನಳ ಗಾಳಿಯನ್ನು ಉಗುಳಿತು. ಕೆಂಪು ನೀರು ಒಂದಿಷ್ಟು ಬಂದು ನಿಂತಿತು. ಪೈಪು ಸೋರುತ್ತದೋ ಇಲ್ಲವೋ ನೋಡಲು ಟ್ಯಾಂಕರಿನಿಂದ ಬಿಟ್ಟದ್ದಂತೆ. ಊರಿಗೆ ನೀರು ತರುವ ದೊಡ್ಡ ಪೈಪಿಗೆ ಇದನ್ನು ಇನ್ನೂ ಕೂಡಿಸಿರಲೇ ಇಲ್ಲ. ಇಂದಿಗೂ ಕೂಡಿಸಿಲ್ಲ.

ಆ ವಾರವೇ ಅವಳ ಅಣ್ಣ ಬಂದು ಎಮ್ಮೆಯನ್ನು ಗುಡೂರಿಗೆ ಹೊಡೆದುಕೊಂಡು ಹೋದ. ಪರೀಕ್ಷೆ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಅವಳೂ ಹೋದಳು. ಗಂಡ ಕಾರ್ಖಾನೆಯ ಶೆಡ್ಡಿನಲ್ಲಿ ಉಳಿದ. ಹೋಗುವಾಗ ಅವಳು ನನ್ನ ಕೈ ಹಿಡಿದು, ಮನೆ ಮೇಲೆ ಒಂದು ಕಣ್ಣಿಟ್ಟಿರಿ ಎಂದಷ್ಟೇ ಹೇಳಿದಳು.

ಕಳೆದ ಶ್ರಾವಣದಲ್ಲಿ ಗುಡೂರಿಗೆ ಹೋಗಿದ್ದೆ. ಅವಳು ಹಂಡೆಯಲ್ಲಿ ನೀರು ಕಾಯಿಸಿ, ನನ್ನ ತಲೆಗೆ ಎಣ್ಣೆ ಹಚ್ಚಿ ಸ್ನಾನಕ್ಕೆ ಕಳಿಸಿದಳು. ನಾನು ಬೇಗ ಹೊರಗೆ ಬಂದದ್ದನ್ನು ಕಂಡು ಬಚ್ಚಲಿಗೆ ಇಣುಕಿದಳು. ಬಕೆಟ್ಟಿನಲ್ಲಿ ಅರ್ಧ ನೀರು ಹಾಗೇ ಇತ್ತು.

"ಇಲ್ಲಿ ನೀರದಾವ್ರಿ ಅಕ್ಕಾರ. ಇನ್ನೊಮ್ಮಿ ಹಾಕ್ಕೋರಿ."

ನನ್ನ ಕೂದಲಲ್ಲಿ ಸೀಗೆಪುಡಿ ಇನ್ನೂ ಉಳಿದಿತ್ತು. ನಾನು ಮತ್ತೆ ಒಳಗೆ ಹೋದೆ. ತಂಬಿಗೆ ಎತ್ತಿದರೂ ಸುರಿದುಕೊಳ್ಳಲು ಕೈ ಬರಲಿಲ್ಲ. ಅಲ್ಲಿಯೇ ಕೂತು ಅತ್ತೆ.

ವಾಪಸ್ಸು ಬರುತ್ತೀಯಾ ಎಂದು ನಾನು ಅವಳನ್ನು ಕೇಳಲಿಲ್ಲ. ನಮ್ಮ ಮನೆಯನ್ನೂ ಮಾರಲು ನೋಡಿದೆವು. ಬಂದವರೆಲ್ಲ ಮೊದಲು ನೀರಿನ ಮಾತು ಕೇಳುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ನಾವು ಅಲ್ಲೇ ಇದ್ದೇವೆ. ಅವಳ ಮನೆಯ ಬಾಗಿಲಿಗೆ ಗೆದ್ದಲು ಹತ್ತಿದೆ. ಅದನ್ನು ಅವಳಿಗೆ ಇನ್ನೂ ತಿಳಿಸಿಲ್ಲ.