ಸ್ಟೂಲಿನ ಮೇಲೆ ಕೂತು ಎಣಿಸಿದ್ದು

ಇನ್ನೂರ ಅರವತ್ತು ರೂಪಾಯಿ. ಈ ನೀಲಿ ಪ್ಲಾಸ್ಟಿಕ್ ಸ್ಟೂಲಿಗೆ ನಾನು ಕೊಟ್ಟದ್ದು ಅಷ್ಟು. ಅಂಗಡಿಯವನು ಮುನ್ನೂರ ಐವತ್ತರಿಂದ ಶುರು ಮಾಡಿದ್ದ. ಎರಡು ಸಲ ನಾನು ಮೆಟ್ಟಿಲಿಳಿದೆ, ಎರಡು ಸಲವೂ ಅವನೇ ಕರೆದ. ಕೊಂಡದ್ದೇಕೆಂದರೆ, ಚಿಕ್ಕಮಗಳೂರಿನ ಬಸ್ ನಿಲ್ದಾಣದ ಪಕ್ಕದ ಸರ್ಕಲ್ಲಿನಲ್ಲಿ ಹದಿನೈದು ದಿನ ಕೂತು ನಾನು ವಾಹನ ಎಣಿಸಬೇಕಿತ್ತು. ನಿಂತು ಎಣಿಸುವ ವಯಸ್ಸು ದಾಟಿದೆ. ಆ ಸ್ಟೂಲು ಒಟ್ಟಾರೆ ಎಷ್ಟಕ್ಕೆ ಬಿತ್ತು ಎನ್ನುವ ಲೆಕ್ಕ ಬೇರೆ. ಅದನ್ನೇ ಹೇಳಲು ಹೊರಟಿದ್ದೇನೆ, ಸ್ವಲ್ಪ ಸಾವಧಾನದಿಂದ ಕೇಳಿ.

ನನ್ನದು ಕಾಲೇಜಿನ ವಿದ್ಯೆಯಲ್ಲ. ಮೂಡಿಗೆರೆಯಲ್ಲಿ ಎಸ್ಟೇಟುಗಳ ಕಾಫಿ ಹಣ್ಣು ಸುಲಿಯುವ ಪಲ್ಪರ್ ಮೋಟಾರಿಗೆ ತಂತಿ ಸುತ್ತುತ್ತ ಶುರು ಮಾಡಿದವನು, ಅಲ್ಲಿಂದ ಪ್ಯಾನೆಲ್ ಬೋರ್ಡು, ಪ್ಯಾನೆಲ್ಲಿನಿಂದ ಕಂಪ್ಯೂಟರು, ಹೀಗೆ ಒಂದರ ಬಾಲ ಹಿಡಿದು ಇನ್ನೊಂದಕ್ಕೆ ಬಂದವನು. ಪೇಟೆಯ ಸಿಗ್ನಲ್ ದೀಪಗಳ ರಿಪೇರಿ ನನ್ನ ಕೈಗೆ ಬಂದಾಗ, ಯಾವ ಬಣ್ಣ ಎಷ್ಟು ಸೆಕೆಂಡು ಎನ್ನುವುದು ಕಬ್ಬಿಣದ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ ಒಂದು ಚೀಟಿಯಲ್ಲಿತ್ತು. ಆ ಚೀಟಿಯ ಅರ್ಧವನ್ನು ಗೆದ್ದಲು ಓದಿ ಮುಗಿಸಿತ್ತು. ಬಂದ ಮೆಕ್ಯಾನಿಕ್ಕುಗಳೆಲ್ಲ ತಮಗೆ ತೋಚಿದಷ್ಟು ತಿರುಗಿಸಿ ಹೋಗಿದ್ದರು. ಯಾರು ತಿರುಗಿಸಿದರು, ಏಕೆ ತಿರುಗಿಸಿದರು, ದೇವರಿಗೇ ಗೊತ್ತು.

ಅದಕ್ಕಾಗಿ ನಾನೊಂದು ಸಾಫ್ಟ್‌ವೇರ್ ಬರೆದೆ. ಬೆಳಗಿಗೊಂದು ಯೋಜನೆ, ಸಂಜೆಗೊಂದು, ಗಿರಿಗೆ ಹೋಗುವ ಪ್ರವಾಸಿಗರ ಕಾರುಗಳು ಸಾಲುಗಟ್ಟುವ ಭಾನುವಾರಕ್ಕೊಂದು, ಎಸ್ಟೇಟಿನ ಜೀಪುಗಳು ಇಳಿದುಬರುವ ಸಂತೆಯ ದಿನಕ್ಕೆ ಇನ್ನೊಂದು. ಯಾರೇ ಒಂದು ಸೆಕೆಂಡು ಬದಲಿಸಿದರೂ ಅವರ ಹೆಸರು ಅದರಲ್ಲಿ ದಾಖಲಾಗುತ್ತದೆ. ಎಲ್ಲಕ್ಕಿಂತ ನನಗೆ ಹೆಮ್ಮೆಯಿದ್ದದ್ದು ‘ಕಾರಣ’ ಎನ್ನುವ ಖಾನೆಯ ಬಗ್ಗೆ. ಅದನ್ನು ತುಂಬದೆ ಯಾವ ಬದಲಾವಣೆಯೂ ಉಳಿಯುವುದಿಲ್ಲ. ಮನುಷ್ಯನಿಂದ ಕಾರಣ ಹೇಳಿಸುವುದು ಎಷ್ಟು ಕಷ್ಟದ ಕೆಲಸವೆಂದು ಚೌಕಾಸಿ ಮಾಡಿ ಬದುಕಿದವನಿಗೆ ಚೆನ್ನಾಗಿ ಗೊತ್ತು.

ಆದರೆ ಸೆಕೆಂಡು ಎನ್ನುವುದು ವಿಚಿತ್ರವಾದ ಸರಕು, ನೋಡಿ. ನಮ್ಮ ಸರ್ಕಲ್ಲಿನಲ್ಲಿ ಒಂದು ಸುತ್ತಿಗೆ ತೊಂಬತ್ತು ಸೆಕೆಂಡು. ದೊಡ್ಡ ರಸ್ತೆಗೆ ನಲವತ್ತು, ಅಡ್ಡ ರಸ್ತೆಗೆ ಮೂವತ್ತೆರಡು, ನಡೆದು ದಾಟುವವರಿಗೆ ಹದಿನೆಂಟು. ಬೆಳೆಯುವುದಿಲ್ಲ, ತರಿಸಲಾಗುವುದಿಲ್ಲ, ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡಬಹುದು, ಅಷ್ಟೇ. ಸಂಚಾರ ಪೊಲೀಸ್ ಸಾಹೇಬರ ಕಚೇರಿಯಲ್ಲಿ ಸಭೆ ಸೇರಿದಾಗ ಬಸ್ ಮಾಲೀಕರ ಕಡೆಯವರು ಮೂರು ಸೆಕೆಂಡು ಹೆಚ್ಚಿಗೆ ಕೇಳಿದರು, ಅಡ್ಡ ರಸ್ತೆಯ ವರ್ತಕರು ತಮಗೂ ಮೂರು ಎಂದರು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ವ್ಯಾಪಾರ ಕುದುರಿಸಿದೆ: ನಡೆಯುವವರಿಗೆ ಹನ್ನೆರಡು ಸಾಕು. ನಾನೇ ದಾಟಿ ನೋಡಿದ್ದೆ, ಹತ್ತು ಸೆಕೆಂಡು. ಮೇಲೆರಡು ಉದಾರವಾಗಿ ಸೇರಿಸಿದೆ. ಎಲ್ಲರೂ ಕಾಫಿ ಕುಡಿದು, ನನ್ನ ಬೆನ್ನು ತಟ್ಟಿ ಎದ್ದರು.

ಹೊಸ ಯೋಜನೆ ಹೇಗೆ ಓಡುತ್ತಿದೆಯೆಂದು ನೋಡಲು ಮತ್ತೆ ಸ್ಟೂಲು ಹಾಕಿ ಕೂತಾಗ, ಪಕ್ಕದಲ್ಲಿ ಗೋಣಿ ಹಾಸಿ ಕೆಸುವಿನ ಎಲೆ, ಸೂಜಿಮೆಣಸು ಮಾರುವ ಗಿರಿಜಮ್ಮ ಮಾತಿಗೆಳೆದರು. ಎಪ್ಪತ್ತರ ಹೆಂಗಸು, ಬಲ ಮಂಡಿ ಮಡಚುವುದಿಲ್ಲ.

“ಈ ದೀಪ ಕೆಡಿಸಿದ್ದು ನೀನೇ ಅಂತಲ್ಲ ಮಾರಾಯ?”

“ಕೆಡಿಸಿದ್ದಲ್ಲ ಗಿರಿಜಮ್ಮ, ಸರಿ ಮಾಡಿದ್ದು.”

“ಹೌದೌದು. ನಿನ್ನ ಆ ಹಸಿರು ಗೊಂಬೆಗೆ ಏನು ಅರ್ಜೆಂಟು? ನಾನು ಸೆರಗು ಸಿಗಿಸಿ ಬುಟ್ಟಿ ಎತ್ತೋದ್ರೊಳಗೆ ಓಡಿಹೋಗಿರ್ತಾನೆ. ಎದುರುಗಡೆ ಐದೂ ನಲವತ್ತರ ಬಸ್ಸು ನಿಂತಿರ್ತದೆ, ನಾನು ಇಲ್ಲಿಂದ ಅದರ ಬೆನ್ನು ನೋಡ್ತೀನಿ. ಈ ವಾರ ಮೂರು ದಿನ ತಪ್ಪಿತು.”

“ಏಳಕ್ಕೆ ಇನ್ನೊಂದಿದೆಯಲ್ಲ?”

“ಇದೆ. ಇಳಿದ ಮೇಲೆ ತೋಟದ ದಾರೀಲಿ ಒಂದು ಮೈಲಿ. ಆ ಹೊತ್ತಿಗೆ ಆನೆಗಳೂ ಅದೇ ದಾರಿ ಹಿಡೀತಾವೆ. ಅವಕ್ಕೂ ಒಂದು ಕೆಂಪು ದೀಪ ಹಾಕಿಕೊಡು, ಆಮೇಲೆ ಏಳರ ಬಸ್ಸಿಗೇ ಹೋಗ್ತೀನಿ.”

ನಾನು ನಕ್ಕೆ. ಅವರು ನಗಲಿಲ್ಲ.

ಐದೂವರೆಗೆ ಅವರು ಎದ್ದಾಗ ನಾನೂ ಎದ್ದೆ. ಬುಟ್ಟಿ ಹಿಡಿಯಲು ಹೋದರೆ ಕೊಡಲಿಲ್ಲ. ನಾಳೆ ಹಿಡಿಯೋಕೆ ಬರ್ತೀಯಾ ಎಂದರು. ಹಾಗಾಗಿ ಕೈಗಡಿಯಾರ ನೋಡುತ್ತ ಸುಮ್ಮನೆ ಹಿಂದೆ ನಡೆದೆ. ಹಸಿರು ಬಂತು. ಹನ್ನೆರಡನೆಯ ಸೆಕೆಂಡಿಗೆ ನಾವು ರಸ್ತೆಯ ಮಧ್ಯದಲ್ಲಿದ್ದೆವು. ಎರಡೂ ಕಡೆಯಿಂದ ಹಾರ್ನ್ ಶುರುವಾಯಿತು. ನಾನು ಕೈ ಅಡ್ಡ ಹಿಡಿದೆ. ನಾನು ಉಳಿಸಿಕೊಟ್ಟ ಸೆಕೆಂಡುಗಳ ಮೇಲೆ ಕೂತು ಬಂದವನೊಬ್ಬ ನನ್ನನ್ನೇ ಬೈದ. ಆಚೆ ದಡ ಮುಟ್ಟಿದಾಗ ಇಪ್ಪತ್ತೊಂದು.

ನನ್ನ ರಿಪೇರಿ ಅಂಗಡಿಗೆ ಬಂದು ಕಂಪ್ಯೂಟರು ತೆರೆದೆ. ಹದಿನೆಂಟು ಹನ್ನೆರಡಾದ ಸಾಲಿನಲ್ಲಿ ನನ್ನದೇ ಹೆಸರಿತ್ತು. ಕಾರಣದ ಖಾನೆಯಲ್ಲಿ ನಾನೇ ಬರೆದಿದ್ದೆ: ‘ಆಕ್ಷೇಪಣೆ ಬಂದಿಲ್ಲ.’ ಬರುವುದಾದರೂ ಹೇಗೆ? ಆಕ್ಷೇಪಣೆಯ ಕಾಗದ ಸಾಹೇಬರ ಮೇಜಿಗೆ ತಲುಪಬೇಕಾದರೆ ಮೊದಲು ಈ ರಸ್ತೆ ದಾಟಬೇಕಲ್ಲ. ಜೀವನವಿಡೀ ಎದುರು ಕೂತವನ ಜೊತೆ ಚೌಕಾಸಿ ಮಾಡಿದ್ದೇನೆ. ಎದುರು ಯಾರೂ ಕೂರದ ಚೌಕಾಸಿಯಲ್ಲಿ ಗೆದ್ದದ್ದು ಅದೇ ಮೊದಲು. ಅಂಥ ಗೆಲುವು ಇಷ್ಟು ದಣಿಸುತ್ತದೆಂದು ಗೊತ್ತಿರಲಿಲ್ಲ.

ಕೊಟ್ಟ ಸೆಕೆಂಡನ್ನು ವಾಪಸು ಕೇಳುವುದು ಕೊಟ್ಟ ಹೆಣ್ಣನ್ನು ವಾಪಸು ಕೇಳಿದ ಹಾಗೆ. ಮೂರು ವಾರ ಅಲೆದೆ. ಬಸ್ಸಿನವರು, “ಒಬ್ಬ ಮುದುಕಿಗೋಸ್ಕರ ಊರು ನಿಲ್ಲಿಸ್ತೀರಾ?” ಎಂದರು, ವರ್ತಕರು ಕಾಫಿ ಕೊಡಿಸಿ ಮಾತು ತಿರುಗಿಸಿದರು. ಕೊನೆಗೆ ನನ್ನ ಹಳೆಯ ಬುದ್ಧಿಯನ್ನೇ ಉಪಯೋಗಿಸಿದೆ: ಇಡೀ ದಿನ ಬೇಡ, ಸಂಜೆ ಐದರಿಂದ ಆರೂವರೆಯವರೆಗೆ ಮಾತ್ರ ಇಪ್ಪತ್ತೊಂದು ಕೊಡಿ. ಒಪ್ಪಿದರು. ದಿನದ ಉಳಿದ ಹೊತ್ತೆಲ್ಲ ಈಗಲೂ ಹನ್ನೆರಡೇ. ಆ ಹೊತ್ತಿನಲ್ಲಿ ಯಾರ್‍ಯಾರು ಬುಟ್ಟಿ ಹೊತ್ತು ಕಾಯುತ್ತಾರೋ, ಅವರ ಹಿಂದೆ ನಾನಿನ್ನೂ ನಡೆದಿಲ್ಲ. ಹಾಗಾಗಿ ಸಂಜೆಯ ಈ ಒಪ್ಪಂದವನ್ನು ನನ್ನ ಸಾಧನೆಯೆಂದು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ.

ಗಿರಿಜಮ್ಮ ಈಗ ಐದೂ ನಲವತ್ತಕ್ಕೆ ಹೋಗುತ್ತಾರೆ. ಸ್ಟೂಲನ್ನು ಅವರಿಗೇ ಬಿಟ್ಟುಬಂದೆ. ಗೋಣಿಯ ಮೇಲಿಂದ ಏಳುವುದಕ್ಕಿಂತ ಅದರ ಮೇಲಿಂದ ಏಳುವುದು ಸುಲಭ. ಎಷ್ಟಾಯಿತೆಂದು ಕೇಳಿದರು, ಹೇಳಿದೆ. “ಇನ್ನೂರಕ್ಕೆ ಬರ್ತಿತ್ತು, ನಿಂಗೆ ವ್ಯಾಪಾರ ಗೊತ್ತಿಲ್ಲ ಮಾರಾಯ” ಎಂದರು.

ನೀವೂ ಎಂದಾದರೂ ಯಾರದೋ ಸಮಯವನ್ನು ಅಳೆಯುವ ಕೆಲಸಕ್ಕೆ ಇಳಿದರೆ, ಅದು ಸಿಗ್ನಲ್ಲಿರಲಿ, ಸರತಿಯ ಸಾಲಿರಲಿ, ನನ್ನದೊಂದು ಸಲಹೆ. ಸ್ಟೂಲು ಕೊಳ್ಳಿ, ಇನ್ನೂರರ ಮೇಲೆ ಒಂದು ರೂಪಾಯಿ ಕೊಡಬೇಡಿ. ಆದರೆ ಅದರ ಮೇಲೆ ಕೂತು ಎಣಿಸಿದ್ದನ್ನು ಅಂದೇ ಕಂಪ್ಯೂಟರಿಗೆ ಹಾಕಬೇಡಿ. ಮೊದಲು ಎದ್ದುನಿಂತು, ಅಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೆಂದು ಹುಡುಕಿ, ಬುಟ್ಟಿ ಕೊಡದಿದ್ದರೂ ಚಿಂತೆಯಿಲ್ಲ, ಅವರ ಹಿಂದೆ ಒಂದು ಸಲ ಆಚೆ ದಡದವರೆಗೆ ಹೋಗಿಬನ್ನಿ. ಕಾರಣದ ಖಾನೆಯನ್ನು ಆಮೇಲೆ ತುಂಬಿ.